ನೋಟಕನ ಋಣ

ಡಿಸೆಂಬರ್ ತಿಂಗಳು ಕಡೆಯ ವಾರಕ್ಕೆ ಬರುವ ಹೊತ್ತಿಗೆ ನ್ಯಾಮತಿಯ ಸುತ್ತಣ ಕಣಗಳಲ್ಲಿ ಮೆಕ್ಕೆಜೋಳದ ರಾಶಿಗಳು ಬಹುಮಟ್ಟಿಗೆ ಕರಗಿ, ವ್ಯಾಪಾರ ಮುಗಿದು ಲೆಕ್ಕ ಮಾತ್ರ ಉಳಿದಿರುತ್ತದೆ. ಆ ದಿನಗಳಲ್ಲಿ ಅಂಗಡಿಯ ಕಟ್ಟೆಯ ಮೇಲೂ, ಶಿವಮೊಗ್ಗದ ಬಸ್ಸಿಗೆ ಕಾದು ನಿಂತ ತರುಣರ ನಡುವೆಯೂ ಬೇರೊಂದು ಬಗೆಯ ಲೆಕ್ಕಾಚಾರ ನಡೆಯುತ್ತಿರುವುದನ್ನು ಈಚಿನ ವರ್ಷಗಳಲ್ಲಿ ಕಾಣಬಹುದು. ವರ್ಷವಿಡೀ ಬಂದ ಕನ್ನಡ ಚಿತ್ರಗಳಲ್ಲಿ ಯಾವುದು ಶ್ರೇಷ್ಠ, ನಾಯಕರಲ್ಲಿ ಯಾರು ಮೇಲು, ಹಾಡುಗಳಲ್ಲಿ ಯಾವುದು ಮೊದಲನೆಯದು ಎಂದು ಆನ್‌ಲೈನಿನಲ್ಲಿ ಮತ ಕೇಳುವ ಋತು ಅದು. ಮೊಬೈಲಿನ ಪರದೆಯ ಮೇಲೆ ಐದು ಪೋಸ್ಟರುಗಳು ಅಂಗೈಯಗಲದ ಜಾಗದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಪ್ರತಿಯೊಂದರ ಕೆಳಗೂ ಒಂದು ಪುಟ್ಟ ವೃತ್ತ. ಬೆರಳು ತಾಗಿದೊಡನೆ ವೃತ್ತ ತುಂಬಿಕೊಂಡು, ಓಟಿಪಿ ಬಂದು, ಧನ್ಯವಾದವೆಂಬ ಅಕ್ಷರಗಳು ಮೂಡಿ, ಶೇಕಡಾವಾರು ಅಂಕಿ ಒಂದಿಷ್ಟು ಅಲುಗುತ್ತದೆ. ಒಂದು ಸಂಖ್ಯೆಗೆ ಒಂದೇ ಮತವೆಂಬ ನಿಯಮವಿದ್ದರೆ ತಂದೆಯ ಫೋನೂ ಅಕ್ಕನ ಫೋನೂ ಅದೇ ಬೆರಳಿಗೆ ಒದಗಿಬರುತ್ತವೆ. ಚಿತ್ರ ನೋಡಿದೆಯೇನಪ್ಪಾ ಎಂದು ಹಿರಿಯರಾರಾದರೂ ಕೇಳಿದರೆ, "ನಮ್ ಬಾಸ್‌ದು ಸರ್, ನೋಡೋದೇನೈತಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರಕ್ಕೆ ನಕ್ಕು ಮುಂದೆ ನಡೆಯುವುದು ಸುಲಭ. ನನಗಾದರೋ ಅದರೊಳಗೆ ಹಳೆಯದೊಂದು ಧರ್ಮಪ್ರಶ್ನೆ ಹುದುಗಿರುವಂತೆ ತೋರುತ್ತದೆ. ಒಬ್ಬನು ತನ್ನ ಕಲೆಯಿಂದ ನಮಗೆ ಏನನ್ನೋ ಕೊಟ್ಟಿದ್ದಾನೆ. ನಾವು ಅದನ್ನು ಪಡೆದಿದ್ದೇವೆ. ಪಡೆದದ್ದಕ್ಕೆ ಪ್ರತಿಯಾಗಿ ನಾವು ಸಲ್ಲಿಸತಕ್ಕದ್ದು ಏನು, ಅದನ್ನು ಸಲ್ಲಿಸಲು ಅಧಿಕಾರಿ ಯಾರು, ಹಾಗೆ ಸಲ್ಲಿಸಿದ್ದನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ಉಚಿತವೇ? ಪ್ರಶಸ್ತಿಯ ವಿಷಯದಲ್ಲಿ ನಾವು ಸಾಮಾನ್ಯವಾಗಿ ಆಡುವ ಜಗಳವೆಲ್ಲ ಯಾರಿಗೆ ಬಂತು, ಯಾರಿಗೆ ತಪ್ಪಿತು ಎಂಬಲ್ಲಿಗೆ ಮುಗಿದುಹೋಗುತ್ತದೆಯೇ ಹೊರತು ಕೊಡುವವನ ಯೋಗ್ಯತೆಯ ಮಾತು ಬರುವುದೇ ಇಲ್ಲ.

ಪ್ರಶಸ್ತಿಯನ್ನು ಆಧುನಿಕರ ಕಲ್ಪನೆಯೆಂದು ತಿಳಿದವರು ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಲೋಕದ ಮೊಟ್ಟಮೊದಲ ನಾಟಕಪ್ರಯೋಗ ಇಂದ್ರಧ್ವಜದ ಉತ್ಸವದಲ್ಲಿ ನಡೆಯಿತೆಂದು ಅಲ್ಲಿ ಹೇಳಿದೆ. ದೇವತೆಗಳು ದೈತ್ಯರನ್ನು ಗೆದ್ದ ಕಥೆಯೇ ಅದರ ವಸ್ತು. ನೋಡಿ ಸಂತುಷ್ಟರಾದ ದೇವತೆಗಳು ನಟರಿಗೆ ಉಡುಗೊರೆಗಳನ್ನಿತ್ತರು: ಇಂದ್ರನು ತನ್ನ ಧ್ವಜವನ್ನು, ವರುಣನು ಭೃಂಗಾರವೆಂಬ ಗಿಂಡಿಯನ್ನು, ಸೂರ್ಯನು ಛತ್ರವನ್ನು, ವಾಯು ಬೀಸಣಿಗೆಯನ್ನು, ವಿಷ್ಣು ಸಿಂಹಾಸನವನ್ನು, ಕುಬೇರನು ಕಿರೀಟವನ್ನು ಕೊಟ್ಟರೆ, ಸರಸ್ವತಿಯು ಆಡಿದ ಮಾತು ಕೇಳಿಸುವಂತಹ ಶಕ್ತಿಯನ್ನು ಕೊಟ್ಟಳು. ಒಬ್ಬೊಬ್ಬರೂ ಕೊಟ್ಟದ್ದು ತಮ್ಮ ಬಳಿ ಇದ್ದ, ತಮಗೆ ಸಹಜವಾದ ವಸ್ತುವನ್ನು. ನಟರಲ್ಲಿ ಇವನು ಮೊದಲನೆಯವನು, ಅವನು ಎರಡನೆಯವನು ಎಂದು ಯಾವ ದೇವತೆಯೂ ಹೇಳಿದಂತೆ ಕಾಣದು. ಆದರೆ ಉಡುಗೊರೆಗಳ ಬೆನ್ನಿಗೇ ಪ್ರತಿಭಟನೆಯೂ ಬಂತು! ತಮ್ಮ ಸೋಲನ್ನು ರಂಗದ ಮೇಲೆ ಕಂಡು ಕೆರಳಿದ ದೈತ್ಯರು ವಿರೂಪಾಕ್ಷನನ್ನು ಮುಂದಿಟ್ಟುಕೊಂಡು, ವಿಘ್ನಗಳನ್ನು ಕೂಡಿಕೊಂಡು, ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭಿಸಿಬಿಟ್ಟರು. ಇಂದ್ರನು ಧ್ವಜದಂಡದಿಂದ ಅವರನ್ನು ಜರ್ಜರಿತರನ್ನಾಗಿ ಮಾಡಿದರೂ ಕಾಟ ನಿಲ್ಲಲಿಲ್ಲ. ಕಡೆಗೆ ಬ್ರಹ್ಮನೇ ಬಂದು, ನಾಟ್ಯವೆಂಬುದು ದೇವತೆಗಳ ಪಕ್ಷದ್ದೂ ಅಲ್ಲ, ದೈತ್ಯರ ಪಕ್ಷದ್ದೂ ಅಲ್ಲ, ಅದು ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನ ಹೇಳಬೇಕಾಯಿತು. ನಮ್ಮ ತಾರೆಗೆ ಬರಲಿಲ್ಲವೆಂದು ಇನ್ನೊಬ್ಬ ತಾರೆಯ ಚಿತ್ರಕ್ಕೆ ಹತ್ತಕ್ಕೆ ಒಂದು ಅಂಕ ಕೊಟ್ಟು ಅದರ ಸರಾಸರಿಯನ್ನು ಇಳಿಸುವ ಇಂದಿನ ಶೂರರಿಗೆ ವಂಶಾವಳಿ ಇಲ್ಲವೆನ್ನುವಂತಿಲ್ಲ.

ಹಾಗೆಂದು ಭರತನು ತಾರತಮ್ಯವನ್ನು ಒಪ್ಪಲೇ ಇಲ್ಲವೆಂದರೆ ಸುಳ್ಳಾದೀತು. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ನಾಟಕಸ್ಪರ್ಧೆಯ ಮಾತೂ ಇದೆ, ಗೆದ್ದವರಿಗೆ ಪತಾಕೆ ಕೊಡುವ ಮಾತೂ ಇದೆ. ಇಬ್ಬರು ಸಮಾನರಾದರೆ ರಾಜನ ಆಜ್ಞೆಯಂತೆ ನಡೆಯತಕ್ಕದ್ದು, ರಾಜನ ಮನಸ್ಸಿಗೂ ಇಬ್ಬರು ಸಮಾನರೆಂದೇ ತೋರಿದರೆ ಇಬ್ಬರಿಗೂ ಪತಾಕೆ ಸಲ್ಲತಕ್ಕದ್ದು ಎಂಬ ಉದಾರವಾದ ವಿಧಿಯೂ ಇದೆ. ಆದರೆ ತೀರ್ಪುಗಾರರ ವಿಷಯದಲ್ಲಿ ಅವನು ಹಾಕಿರುವ ಕಟ್ಟು ಗಮನಾರ್ಹವಾದುದು. ಅವರನ್ನು ಪ್ರಾಶ್ನಿಕರೆಂದು ಕರೆದು, ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವೈಯಾಕರಣ, ರಾಜ, ಧನುರ್ವಿದ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂದು ಹತ್ತು ಜನರನ್ನು ಹೆಸರಿಸುತ್ತಾನೆ. ಯಜ್ಞದ ದೃಶ್ಯಕ್ಕೆ ಯಾಜ್ಞಿಕನೇ ಪ್ರಮಾಣ. ಬಿಲ್ಲು ಹಿಡಿದು ನಿಂತ ಭಂಗಿಗೆ ಬಿಲ್ಲುಗಾರನೇ ಪ್ರಮಾಣ. ಶೃಂಗಾರದ ಉಪಚಾರಗಳಿಗೆ ವೇಶ್ಯೆಯ ಮಾತೇ ಪ್ರಮಾಣ. ರಾಜನಿಗೂ ಅವಳಿಗೂ ಒಂದೇ ಸಾಲಿನಲ್ಲಿ ಆಸನ ಹಾಕಿಸಿದ ಆ ಶಾಸ್ತ್ರಕಾರನ ಧೈರ್ಯ ಇಂದಿನ ಯಾವ ಸಮಿತಿಗಿದೆಯೋ ಕಾಣೆ. ಅವರೆಲ್ಲರೂ ರಂಗಕ್ಕೆ ಬಹು ದೂರವೂ ಅಲ್ಲದೆ ಬಹು ಸಮೀಪವೂ ಅಲ್ಲದೆ ಕುಳಿತು, ಪ್ರಯೋಗವನ್ನು ಮೊದಲಿನಿಂದ ಕಡೆಯವರೆಗೆ ನೋಡಬೇಕು. ನೋಡದವನಿಗೆ ಅಲ್ಲಿ ಸ್ಥಾನವೇ ಇಲ್ಲ.

ಇದಕ್ಕಿಂತಲೂ ಮಿಗಿಲಾದದ್ದು ಅವನ ಸಿದ್ಧಿಯ ವಿಚಾರ. ಪ್ರಯೋಗದ ಸಿದ್ಧಿ ಎರಡು ಬಗೆ: ಮಾನುಷಿ, ದೈವಿಕಿ. ಜನ ಮುಗುಳ್ನಗುವುದು, ಘೊಳ್ಳೆಂದು ನಗುವುದು, ಭಲೆ ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚಗೊಂಡು ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ನಟನಿಗೆ ಕೊಟ್ಟುಬಿಡುವುದು ಎಲ್ಲ ಮಾನುಷಿ. ರಂಗಮಂದಿರ ತುಂಬಿದ್ದು, ಒಂದು ಸದ್ದೂ ಇಲ್ಲದೆ, ಯಾವ ಕ್ಷೋಭೆಯೂ ಇಲ್ಲದೆ, ಯಾವ ಉತ್ಪಾತವೂ ಇಲ್ಲದೆ ಪ್ರಯೋಗ ನಡೆದುಹೋದರೆ ಅದು ದೈವಿಕಿ. ಅಂದಮೇಲೆ ಎಣಿಸಲು ಒದಗುವುದೆಲ್ಲ ಮಾನುಷವಾದುದು. ಮೇಲಿನದಾದ ಸಿದ್ಧಿ ಎಣಿಕೆಗೆ ಸಿಕ್ಕುವುದೇ ಇಲ್ಲ.

ಮಾನುಷಿಯನ್ನು ಹೀನೈಸುವುದು ನನ್ನ ಉದ್ದೇಶವಲ್ಲ. ಅದರ ಸೊಗಸನ್ನು ನೋಡಬೇಕೆಂದರೆ ನಮ್ಮ ಸೀಮೆಯ ಹಳ್ಳಿಗಳ ಜಾತ್ರೆಗೆ ಬರಬೇಕು. ತೇರು ಎಳೆದ ಮೇಲೆ ಊರಿನ ಹುಡುಗರೇ ಕಲಿತು ಆಡುವ ಸಾಮಾಜಿಕ ನಾಟಕ ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಶುರುವಾಗುತ್ತದೆ. ಪೇಟಿ ಮಾಸ್ತರು ಶ್ರುತಿ ಹಿಡಿದು, ನಾಯಕ ಹಾಡಿ ಮುಗಿಸಿ, ಮುಂದಿನ ಮಾತಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜನರ ನಡುವಿನಿಂದ ಪಂಚೆಯನ್ನು ಎತ್ತಿಕಟ್ಟಿದ ಒಬ್ಬ ಹಿರಿಯರು ಮೆಟ್ಟಿಲು ಹತ್ತಿ ಬಂದು, ಬೆರಳನ್ನು ನಾಲಗೆಗೆ ತಾಗಿಸಿ ಒಂದು ನೋಟನ್ನು ಬೇರ್ಪಡಿಸಿ, ಬಾಯಲ್ಲಿ ಕಚ್ಚಿ ತಂದ ಪಿನ್ನಿನಿಂದ ನಟನ ಅಂಗಿಗೆ ಚುಚ್ಚುತ್ತಾರೆ. ಕಥೆ ಅಲ್ಲಿಯೇ ನಿಲ್ಲುತ್ತದೆ. ಮೈಕಿನಲ್ಲಿ ಕೊಟ್ಟವರ ಹೆಸರೂ ಮೊತ್ತವೂ ಸಾರಲ್ಪಡುತ್ತವೆ. ಸಾಯುತ್ತಿದ್ದ ತಾಯಿಯ ಪಾತ್ರಧಾರಿ ಕಣ್ಣು ಬಿಟ್ಟು ಕಾಯುತ್ತಾಳೆ. ರಸಭಂಗವೆಂದು ವಿಮರ್ಶಕರು ಹುಬ್ಬು ಗಂಟಿಕ್ಕಬಹುದು. ಆದರೆ ಆ ನೋಟು ಬಂದದ್ದು ನೋಡಿದವನ ಕೈಯಿಂದ, ನೋಡಿದ ಗಳಿಗೆಯಲ್ಲಿ, ಆ ಹಾಡಿಗಾಗಿ. ಖಳನಾಯಕನಿಗೂ ನೋಟು ಬೀಳುತ್ತದೆ, ಹಾಸ್ಯದವನಿಗೂ ಬೀಳುತ್ತದೆ, ಪೇಟಿ ಮಾಸ್ತರಿಗೂ ಬೀಳುತ್ತದೆ. ಒಬ್ಬನಿಗೆ ಬಿದ್ದದ್ದು ಇನ್ನೊಬ್ಬನದನ್ನು ಕಳೆಯುವುದಿಲ್ಲ. ಭರತನು ಹೇಳಿದ ಉಂಗುರದ ದಾನ ಸಾವಿರಾರು ವರ್ಷ ಕಳೆದ ಮೇಲೂ ಹೊನ್ನಾಳಿ-ಚನ್ನಗಿರಿಗಳ ಹಳ್ಳಿಯ ಅಟ್ಟದ ಮೇಲೆ ಹತ್ತು ರೂಪಾಯಿಯ ರೂಪದಲ್ಲಿ ಬದುಕಿದೆ.

ಇಲ್ಲಿಂದ ಋಣದ ಮಾತಿಗೆ ಬರೋಣ. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂಬುದು ವೈದಿಕರ ಭಾವನೆ; ಶತಪಥ ಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ದೇವಋಣ ತೀರುವುದು ಯಜ್ಞದಿಂದ, ಪಿತೃಋಣ ಸಂತಾನದಿಂದ, ಮನುಷ್ಯಋಣ ಆತಿಥ್ಯದಿಂದ. ಋಷಿಋಣವಾದರೋ ತೀರುವುದು ಋಷಿಗೆ ಏನನ್ನೂ ಕೊಡುವುದರಿಂದಲ್ಲ. ಅವನು ಕಂಡದ್ದನ್ನು ನಾವು ಅಧ್ಯಯನ ಮಾಡುವುದರಿಂದ. ಈ ವಿಧಿಯ ಸೂಕ್ಷ್ಮತೆಯನ್ನು ನಾವು ಸಾಕಷ್ಟು ಲಕ್ಷಿಸಿಲ್ಲ. ಚಲನಚಿತ್ರ ಮಾಡಿದವನನ್ನು ಋಷಿಯೆಂದು ಕರೆಯಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಕರೆದರೆ ಮೊದಲು ನಗುವವರು ಆ ಚಿತ್ರೋದ್ಯಮದವರೇ. ಆದರೆ ಕಂಡು ತೋರಿಸಿದವನಿಗೂ ಅದನ್ನು ನೋಡಿದವನಿಗೂ ನಡುವೆ ಇರುವ ಸಂಬಂಧ ಎರಡು ಕಡೆಯೂ ಒಂದೇ ಜಾತಿಯದು. ಒಂದು ಚಿತ್ರಕ್ಕೆ ಪ್ರೇಕ್ಷಕನು ತೀರಿಸತಕ್ಕ ಮೊದಲ ಋಣ ಅದನ್ನು ಅವಧಾನವಿಟ್ಟು ನೋಡುವುದು. ಪ್ರಶಸ್ತಿ, ಮತ, ಚಪ್ಪಾಳೆಗಳೆಲ್ಲ ಅದರ ಅನಂತರದ ದಕ್ಷಿಣೆ. ಪಾಠವನ್ನೇ ಕೇಳದವನು ದಕ್ಷಿಣೆಯ ತಟ್ಟೆ ಹಿಡಿದು ಬಂದರೆ ಗುರುವಿಗೆ ಆಗುವುದು ಗೌರವವಲ್ಲ.

ಋಣವೆಂದು ತಿಳಿದೊಡನೆ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಋಣಗಳಿಗೆ ಒಟ್ಟುಪಟ್ಟಿ ಮಾಡಲಾಗುವುದಿಲ್ಲ. ಹೆತ್ತವಳ ಋಣ ದೊಡ್ಡದೋ ಅಕ್ಷರ ಕಲಿಸಿದವರ ಋಣ ದೊಡ್ಡದೋ ಎಂದು ಯಾರಾದರೂ ಮತಕ್ಕೆ ಹಾಕಿದರೆ ನಾವು ಅವನನ್ನು ಅವಿವೇಕಿಯೆನ್ನುತ್ತೇವೆ. ಚಿತ್ರಗಳ ಋಣವೂ ಹಾಗೆಯೇ. 'ಚೋಮನ ದುಡಿ'ಯೂ 'ಜೀವನ ಚೈತ್ರ'ವೂ ಒಂದೇ ಮನೆಯ ಜನರನ್ನು ಬೇರೆ ಬೇರೆ ಬಗೆಯಲ್ಲಿ ಕಟ್ಟಿಹಾಕಿದವು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ 1975ರ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಬಂತು. ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ನಟಿಸಿ ಈ ನಾಡಿನ ಮನೆಮನೆಯ ಮಾತಾದ ರಾಜಕುಮಾರರಿಗೆ ಆ ಪ್ರಶಸ್ತಿ ಕಡೆಯವರೆಗೂ ಬರಲಿಲ್ಲ. 1992ರ 'ಜೀವನ ಚೈತ್ರ'ಕ್ಕೆ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ಗಾಯನಕ್ಕೆ. ಇದರಿಂದ ಯಾರು ಮೇಲು ಎಂಬುದು ತೀರ್ಮಾನವಾಯಿತೆಂದು ನಮ್ಮ ಕಡೆಯ ಯಾವ ಮುದುಕಿಯೂ ಒಪ್ಪಲಾರಳು. ಅವಳ ಹೃದಯದಲ್ಲಿ ಎರಡು ಋಣಗಳಿಗೂ ಎರಡು ಬೇರೆ ಗೂಡುಗಳುಂಟು.

ಶ್ರೇಷ್ಠನಟನೆಂಬ ಮಾತಿನಲ್ಲಿಯೇ ತತ್ತ್ವದ ತೊಡಕೊಂದಿದೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕರ್ಮಕ್ಕಾದರೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಎಣಿಸಿ, ತಾನೊಬ್ಬನೇ ಕರ್ತೃವೆಂದುಕೊಂಡವನಿಗೆ ಕಣ್ಣಿಲ್ಲವೆಂದು ಹೇಳಿದೆ. ಈ ಮಾತು ಚಲನಚಿತ್ರಕ್ಕೆ ಒಪ್ಪುವಷ್ಟು ಬೇರೆ ಯಾವ ಕಲೆಗೂ ಒಪ್ಪದು. ನಾಯಕನ ಕಣ್ಣಂಚಿನ ಒಂದು ಹನಿಗೆ ದೀಪ ಹಿಡಿದವನೊಬ್ಬ, ಕ್ಯಾಮೆರಾ ಹಿಡಿದವನೊಬ್ಬ, ಆ ಹನಿ ಉದುರುವ ಮುನ್ನವೇ ದೃಶ್ಯವನ್ನು ಕತ್ತರಿಸಿದ ಸಂಕಲನಕಾರನೊಬ್ಬ. ಆಮೇಲೆ, ಅಂದು ಮೋಡ ಮುಸುಕಿದ ದೈವ. ದಾವಣಗೆರೆಯ ಚಿಂದೋಡಿ ಮನೆತನದವರು ತೆಗೆದ 'ಗಾನಯೋಗಿ ಪಂಚಾಕ್ಷರ ಗವಾಯಿ'ಗೆ 1995ರ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕಾಗಿ ಹಂಸಲೇಖರೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೂ ಪುರಸ್ಕೃತರಾದರು, ಸಲ್ಲತಕ್ಕದ್ದೇ. ಆದರೆ ಅಂಧರಾಗಿದ್ದು ನೂರಾರು ಅಂಧ ಬಾಲಕರಿಗೆ ಸ್ವರ ಹಚ್ಚಿಕೊಟ್ಟ ಆ ಗವಾಯಿಗಳ ಪಾಲು ಆ ಹಾಡಿನಲ್ಲಿ ಎಷ್ಟೆಂದು ಯಾವ ಸಮಿತಿ ಎಣಿಸಬಲ್ಲುದು?

'ಕಾಂತಾರ'ದ ಪ್ರಸಂಗದಲ್ಲಿ ಈ ತೊಡಕು ಇನ್ನೂ ಬಿಗಿಯಾಯಿತು. 2022ರ ಆ ಚಿತ್ರಕ್ಕಾಗಿ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ 2024ರ ಆಗಸ್ಟ್ 16ರಂದು ಘೋಷಿತವಾದಾಗ ನಮ್ಮ ಊರುಗಳಲ್ಲಿಯೂ ಪಟಾಕಿಯ ಸಂಭ್ರಮ. ಜನರ ನೆನಪಿನಲ್ಲಿ ನಿಂತಿರುವುದು ಕಡೆಯ ದೈವಾವೇಶದ ದೃಶ್ಯ. ತುಳುನಾಡಿನ ಕೋಲದಲ್ಲಿ ಅಣಿ ಕಟ್ಟಿ, ಗಗ್ಗರ ತೊಟ್ಟು ನಿಂತವನು ನುಡಿದರೆ ಅದು ಅವನ ನುಡಿಯಲ್ಲ, ದೈವದ ನುಡಿ. ಕರ್ತೃತ್ವವನ್ನು ಕಳಚಿಟ್ಟದ್ದರಿಂದಲೇ ಅಲ್ಲಿ ಅವನಿಗೆ ಪೂಜ್ಯತೆ. ಪರದೆಯ ಮೇಲೆ ಅದನ್ನೇ ಅಭಿನಯಿಸಿದವನಿಗೆ ಕರ್ತೃವೆಂಬ ಕಾರಣಕ್ಕೇ ಪ್ರಶಸ್ತಿ. ನಾನು ನಟನ ಪರಿಶ್ರಮವನ್ನು ಕಡಿಮೆ ಮಾಡುತ್ತಿಲ್ಲ. ಆ ದೃಶ್ಯದಲ್ಲಿ ಮೈ ಜುಮ್ಮೆನ್ನದಿದ್ದವನು ಅರಸಿಕನೇ ಸರಿ. ಋಣದ ದೃಷ್ಟಿಯಿಂದ ನೋಡುವವನಿಗೆ ಮಾತ್ರ ಇನ್ನೊಂದು ಸಂಗತಿ ಹೆಚ್ಚು ತೂಕದ್ದಾಗಿ ಕಾಣುತ್ತದೆ: ಚಿತ್ರದ ಯಶಸ್ಸಿನ ಬೆನ್ನಿಗೆ, 2022ರ ಅಕ್ಟೋಬರಿನಲ್ಲಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಮೊತ್ತ ಅಲ್ಪವಾದರೂ ಮೂಲಕ್ಕೆ ಹೋಗಿ ಮುಟ್ಟಿದ ದಕ್ಷಿಣೆ ಅದು.

ತೀರ್ಪಿನ ಮಿತಿಯನ್ನು ತೋರಿಸಲು 'ಸಂಸ್ಕಾರ'ಕ್ಕಿಂತ ಮಿಗಿಲಾದ ಸಾಕ್ಷಿ ನಮ್ಮ ಭಾಷೆಯಲ್ಲಿಲ್ಲ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರವನ್ನು ಸೆನ್ಸಾರಿನವರು ಮೊದಲು ತಡೆಹಿಡಿದರು. ಬಿಡುಗಡೆಯಾದ ಮೇಲೆ 1970ರ ಅಖಿಲ ಭಾರತ ಶ್ರೇಷ್ಠ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು, ಕನ್ನಡಕ್ಕೆ ಅಂತಹ ಮೊದಲ ಮನ್ನಣೆ. ಒಂದೇ ಕೃತಿ, ಒಂದೇ ದೇಶ. ಒಂದು ಮಂಡಳಿಗೆ ನಿಷೇಧ್ಯ, ಇನ್ನೊಂದಕ್ಕೆ ಶಿರೋಭೂಷಣ. ಇದಕ್ಕಿಂತ ವಿಚಿತ್ರವಾದದ್ದು ಅದರ ಕಥೆಯೇ. ಅಗ್ರಹಾರದ ಆಚಾರವನ್ನೆಲ್ಲ ಧಿಕ್ಕರಿಸಿ ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನ ಶವಕ್ಕೆ ಸಂಸ್ಕಾರ ಮಾಡಬಹುದೇ, ಮಾಡುವವರಾರು ಎಂಬ ತೀರ್ಪನ್ನು ಪ್ರಾಣೇಶಾಚಾರ್ಯರು ಕೊಡಬೇಕು. ಗ್ರಂಥಗಳನ್ನು ಮಗುಚಿದರೂ ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಕಾದರೂ ಪ್ರಸಾದವಾಗದು. ಬೆಳಗಾಗುವಷ್ಟರಲ್ಲಿ ತೀರ್ಪು ಕೊಡಬೇಕಾದವರೇ ತೀರ್ಪಿಗೆ ಒಳಗಾಗಬೇಕಾದವರಾಗಿದ್ದಾರೆ. ತೀರ್ಪು ಕೊಡುವ ಅಧಿಕಾರ ಯಾರಿಗಿದೆಯೆಂದು ಕೇಳುವ ಚಿತ್ರಕ್ಕೆ ಶ್ರೇಷ್ಠವೆಂಬ ತೀರ್ಪು! ಪ್ರಶಸ್ತಿಯ ಇತಿಹಾಸದಲ್ಲಿ ಇಂತಹ ವಿನೋದ ವಿರಳ.

ಹಳೆಯ ಅಥೆನ್ಸಿನವರಿಗೆ ಈ ಮಿತಿ ತಿಳಿದಿತ್ತು. ಡಯೊನೈಸಸ್ ದೇವರ ಉತ್ಸವದಲ್ಲಿ ನಡೆಯುತ್ತಿದ್ದ ಅವರ ನಾಟಕಸ್ಪರ್ಧೆಗೆ ಹತ್ತು ಕುಲಗಳಿಂದ ಹತ್ತು ಮಂದಿ ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು; ಅವರು ಬರೆದ ಹತ್ತು ತೀರ್ಪುಗಳನ್ನು ಪಾತ್ರೆಗೆ ಹಾಕಿ ಐದನ್ನು ಮಾತ್ರ ಎತ್ತುತ್ತಿದ್ದರು. ಉಳಿದವು ದೇವರ ಪಾಲು. ಸೊಫೊಕ್ಲಿಸನ ಈಡಿಪಸ್ ನಾಟಕ ಸೇರಿದ್ದ ವರ್ಷ ಅವನಿಗೆ ಬಂದದ್ದು ಎರಡನೆಯ ಸ್ಥಾನ. ಅಂದು ಗೆದ್ದ ಫಿಲೊಕ್ಲಿಸನ ನಾಟಕಗಳಲ್ಲಿ ಒಂದೂ ಇಂದು ಇಡಿಯಾಗಿ ಉಳಿದಿಲ್ಲ. ಕೋಟಿ ಬೆರಳುಗಳ ಎಣಿಕೆಯೆಂದು ಬೀಗುವ ನಮ್ಮ ಕಾಲ ದೇವರ ಪಾಲನ್ನು ತೆಗೆದಿಡುವ ಆ ವಿನಯವನ್ನು ಮರೆತಿದೆ.

ಹಾಗಾದರೆ ಆನ್‌ಲೈನ್ ಪ್ರಶಸ್ತಿ ಬೇಡವೇ? ಬೇಡವೆನ್ನಲಾರೆ. 1954ರಲ್ಲಿ ರಾಷ್ಟ್ರಪ್ರಶಸ್ತಿ ಆರಂಭವಾದಾಗಲೂ, 1966-67ರ ಸಾಲಿನಿಂದ ರಾಜ್ಯಪ್ರಶಸ್ತಿ ಬಂದಾಗಲೂ ನ್ಯಾಮತಿಯ ಪ್ರೇಕ್ಷಕನ ಅಭಿಪ್ರಾಯವನ್ನು ಕೇಳಿದವರು ಯಾರೂ ಇರಲಿಲ್ಲ. ಟೆಂಟಿನ ಮರಳಿನಲ್ಲಿ ಕುಳಿತು ಅತ್ತವನ ಕಣ್ಣೀರಿಗೆ ದಾಖಲೆಯಿರಲಿಲ್ಲ. 'ಪ್ರಜಾವಾಣಿ'ಯು 2023ರಲ್ಲಿ ಸಿನಿ ಸಮ್ಮಾನವನ್ನು ಆರಂಭಿಸಿದಾಗ ತಜ್ಞರ ತೀರ್ಪಿಗೂ ಜನರ ಆನ್‌ಲೈನ್ ಮತಕ್ಕೂ ಬೇರೆ ಬೇರೆ ವಿಭಾಗಗಳನ್ನು ಮಾಡಿದ್ದು ವಿವೇಕದ ಕೆಲಸ. ಪ್ರಾಶ್ನಿಕರಿಗೂ ಉಂಗುರ ಕೊಡುವವರಿಗೂ ಇರುವ ಭೇದವನ್ನು ಅದು ಉಳಿಸಿಕೊಂಡಿತು. ಅಭಿಮಾನಿಗಳನ್ನು ದೇವರುಗಳೆಂದು ರಾಜಕುಮಾರರು ಕರೆದದ್ದು ಬರಿಯ ಉಪಚಾರವೆಂದು ನಾನು ಭಾವಿಸುವುದಿಲ್ಲ. ಆದರೆ ದೇವರೆನ್ನಿಸಿಕೊಂಡವನಿಗೆ ಆ ಹೆಸರಿನ ಹೊಣೆಯೂ ಉಂಟು. ರಸವೆಂಬುದು ನಾನು, ನನ್ನದು ಎಂಬ ಕಟ್ಟು ಒಂದು ಗಳಿಗೆ ಸಡಿಲವಾದಾಗ ಮಾತ್ರ ಉಂಟಾಗುತ್ತದೆಯೆಂದು ಭಟ್ಟನಾಯಕ, ಅಭಿನವಗುಪ್ತರು ಸಾರಿದ್ದಾರೆ. ಕತ್ತಲಲ್ಲಿ ಕುಳಿತಾಗ ಸಡಿಲವಾದ ಆ ಕಟ್ಟನ್ನು ಹೊರಗೆ ಬಂದೊಡನೆ ನಮ್ಮ ಬಾಸು, ನಿಮ್ಮ ಬಾಸು ಎಂದು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಂಡು ಹಾಕುವ ಮತ, ರಸಕ್ಕೆ ಸಂದ ಮತವಲ್ಲ. ಕತ್ತಲಲ್ಲಿ ಕೂರದೆಯೇ ಹಾಕಿದ ಮತದ ಮಾತಂತೂ ಬೇಡ.

ಸಂತ ಸೇವಾಲಾಲರ ಜನ್ಮಸ್ಥಳವಾದ ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯ ಜಯಂತಿಗೆಂದು ಬಂಜಾರ ಭಕ್ತರು ಮಾಲೆ ಧರಿಸಿ ದೂರದೂರದಿಂದ ಬರುತ್ತಾರೆ. ಯಾರ ಭಕ್ತಿ ವರ್ಷದ ಶ್ರೇಷ್ಠ ಭಕ್ತಿಯೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಆದರೆ ಬಾರದೆ ಬಂದೆನೆಂದು ಹೇಳಿಕೊಳ್ಳುವವನೂ ಅಲ್ಲಿಲ್ಲ.

ಪ್ರಶಸ್ತಿಗಳನ್ನು ನಡೆಸುವವರಿಗೆ ನನ್ನದೊಂದು ಬಿನ್ನಹ: ಪೋಸ್ಟರಿನ ಕೆಳಗಿನ ಆ ವೃತ್ತದ ಪಕ್ಕದಲ್ಲಿ, ಈ ಚಿತ್ರದಲ್ಲಿ ನಿಮಗೆ ನೆನಪಿರುವ ದೃಶ್ಯ ಯಾವುದು ಎಂದು ಒಂದೇ ಒಂದು ಸಾಲು ಬರೆಯುವಷ್ಟು ಜಾಗ ಬಿಡಿ. ಮತಗಳ ಸಂಖ್ಯೆ ಕುಸಿದೀತು, ಕುಸಿಯಲಿ. ಉಳಿದ ಸಾಲುಗಳನ್ನು ಗೆದ್ದವರಿಗೂ ಸೋತವರಿಗೂ ಕಳುಹಿಸಿಕೊಡಿ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ನನ್ನ ತರುಣ ಮಿತ್ರರಿಗೂ ಒಂದು ಮಾತು ಹೇಳಬೇಕು. ಪಟ್ಟಿಯಲ್ಲಿರುವ ಐದು ಚಿತ್ರಗಳಲ್ಲಿ ನೀವು ನೋಡದೆ ಬಿಟ್ಟದ್ದು ಒಂದಾದರೂ ಇದ್ದೇ ಇರುತ್ತದೆ. ಅದು ನಮ್ಮ ಊರಿನ ಚಿತ್ರಮಂದಿರಕ್ಕೆ ಬಾರದೆ ಹೋಗಿರಲೂಬಹುದು, ಆದರೆ ಮತ ಹಾಕುವ ಆ ಫೋನಿನಲ್ಲಿಯೇ ಇಂದಲ್ಲ ನಾಳೆ ಸಿಕ್ಕೀತು. ಮೊದಲು ಅದನ್ನು ಕಡೆಯವರೆಗೆ, ಹೆಸರುಗಳು ಓಡಿ ಮುಗಿಯುವವರೆಗೆ ನೋಡಿರಿ. ಮತವನ್ನು ಆಮೇಲೆ ಹಾಕಿದರಾಯಿತು, ಹಾಕದಿದ್ದರೂ ಆಯಿತು.